ಅಪ್ಪಿಯ ಕಿವಿ, ಅಕ್ಕೋರ ನೋಟ್‌ಬುಕ್: ಶಿರಸಿಯ ಒಂದು ಡೇ ಕೇರ್ ಪ್ರಕರಣ

ನಮ್ಮ ಮಗ ಅಪ್ಪಿಗೆ ಕಿವಿ ಸರಿಯಾಗಿ ಕೇಳುತ್ತಿಲ್ಲ ಎಂದು ಮೊದಲು ಗಮನಿಸಿದವರು ಅವನ ಡೇ ಕೇರ್ ನಡೆಸುವ ಅಕ್ಕೋರು. ಅವನಿಗೆ ಆಗ ತಾನೇ ಎರಡು ವರ್ಷ ತುಂಬಿತ್ತು. 2024ರ ಮಳೆಗಾಲ. ಈಗ ಅವನಿಗೆ ಚೆನ್ನಾಗಿ ಕೇಳುತ್ತದೆ, ಮಾತೂ ಬಂದಿದೆ. ಅಕ್ಕೋರು ಏನು ನೋಡಿದರು, ನಮಗೆ ಹೇಗೆ ಹೇಳಿದರು, ಆಮೇಲೆ ಏನೇನು ಮಾಡಿದರು ಎಂಬುದನ್ನು ಪೂರ್ತಿ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಮಕ್ಕಳನ್ನು ನೋಡಿಕೊಳ್ಳುವವರ ಬಗ್ಗೆ ಮಾತು ಬಂದರೆ "ಪಾಪ, ತುಂಬಾ ಪ್ರೀತಿಯಿಂದ ನೋಡ್ಕೋತಾರೆ" ಅಂದು ಮುಗಿಸಿಬಿಡುತ್ತೇವೆ. ಪ್ರೀತಿ ಇತ್ತು, ಬೇಕಾದಷ್ಟಿತ್ತು. ಆದರೆ ನಮ್ಮ ಮಗನ ಕೈ ಹಿಡಿದದ್ದು ಅವರ ಕೆಲಸದ ತಿಳಿವಳಿಕೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ನಮ್ಮ ಮನೆಯ ಸ್ಥಿತಿ ಹೇಳಿಬಿಡುತ್ತೇನೆ. ನಾನು ಶಿರಸಿಯಲ್ಲಿ ಒಂದು ಸೊಸೈಟಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಇವರು, ನನ್ನ ಗಂಡ, ಲೈನ್‌ಮನ್. ಮಳೆಗಾಲದಲ್ಲಿ ಲೈನ್‌ಮನ್ ಮನೆಯಲ್ಲಿ ಇರುವುದು ಅಂದರೆ ಊಟಕ್ಕೆ ಮತ್ತು ನಿದ್ರೆಗೆ, ಅದೂ ಮರ ಬಿದ್ದು ಕಂಬ ಮುರಿಯದಿದ್ದರೆ. ಅತ್ತೆ-ಮಾವ ಊರಲ್ಲಿದ್ದಾರೆ. ಅಡಿಕೆ ತೋಟ, ಕೊಟ್ಟಿಗೆಯಲ್ಲಿ ದನ, ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸುವ ಗಡಿಬಿಡಿ, ಅದು ಮುಗಿದು ಉಸಿರು ಬಿಡುವ ಹೊತ್ತಿಗೆ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು. "ಅತ್ತೆ ಬಂದು ಮಗು ನೋಡ್ಕೊಳ್ಳಲಿ" ಎಂದು ಹೇಳುವುದು ಸುಲಭ. ಅತ್ತೆ ಬಂದರೆ ಅಲ್ಲಿ ಹಾಲು ಕರೆಯುವವರು ಯಾರು? ನಮ್ಮ ತಾಯಿಗೆ ಮಂಡಿ ನೋವು. ಹೀಗಾಗಿ ಹೆರಿಗೆ ರಜೆ ಮುಗಿದು ನಾಲ್ಕೈದು ತಿಂಗಳು ಹೇಗೋ ತಳ್ಳಿ, ಆಮೇಲೆ ಡೇ ಕೇರ್ ಹುಡುಕಿದ್ದು.

ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದ 2017ರ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಇದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಶಿರಸಿಯಂಥ ಊರಲ್ಲಿ 50 ಜನ ಇರುವ ಆಫೀಸು ಎಷ್ಟು ಸಿಕ್ಕೀತು ಹೇಳಿ. ಬಾಲವಾಡಿಯಲ್ಲಿ, ಅಂದರೆ ಅಂಗನವಾಡಿಯಲ್ಲಿ, ಕೂರಿಸಿ ಕಲಿಸುವುದು ಮೂರು ವರ್ಷ ತುಂಬಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಆಹಾರ ಸಿಗುತ್ತದೆ, ಮಗುವನ್ನು ಬಿಟ್ಟು ಬರುವ ಹಾಗಿಲ್ಲ. ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯ್ತಿಗಳಲ್ಲಿ "ಕೂಸಿನ ಮನೆ" ತೆರೆದಿದೆ. ಒಳ್ಳೆಯ ಕೆಲಸ. ಆದರೆ ಪೇಟೆಯಲ್ಲಿ ಸಣ್ಣ ಸಂಬಳಕ್ಕೆ ದುಡಿಯುವ ನಮ್ಮಂಥವರು ಅದರೊಳಗೆ ಬರುವುದಿಲ್ಲ. ನಮಗಿರುವುದು ಯಾರದೋ ಮನೆಯ ಜಗಲಿ ಮತ್ತು ಆ ಮನೆಯವರ ಮೇಲಿನ ನಂಬಿಕೆ.

ನಮಗೆ ಸಿಕ್ಕಿದ್ದು ಅಂಥದೇ ಒಂದು ಮನೆ. ಹಂಚಿನ ಮನೆ, ಎದುರಿಗೆ ತಗಡಿನ ಶೀಟು ಹಾಕಿ ವಿಸ್ತರಿಸಿದ ಜಗಲಿ, ಹಿಂದೆ ಎರಡು ಕೋಣೆ. ನಡೆಸುವವರು ಹಿಂದೆ ಬಾಲವಾಡಿಯಲ್ಲಿ ಸಹಾಯಕಿಯಾಗಿದ್ದವರು. ಮಕ್ಕಳಿಗೂ ದೊಡ್ಡವರಿಗೂ ಅವರು ಅಕ್ಕೋರು. ಜೊತೆಗೆ ಇನ್ನೊಬ್ಬರು, ಅಡುಗೆ, ತೊಳೆಯುವುದು, ಮಲಗಿಸುವುದು ಎಲ್ಲಾ ಮಾಡುವವರು. ಅವರನ್ನು ಎಲ್ಲರೂ ಮಾವಶಿ ಅಂತಲೇ ಕರೆಯುವುದು. ಹತ್ತರ ಒಳಗೆ ಮಕ್ಕಳು. ಬೋರ್ಡಿಲ್ಲ, ಗೋಡೆಯ ಮೇಲೆ ಕಾರ್ಟೂನ್ ಇಲ್ಲ. ಮಧ್ಯಾಹ್ನ ಮೆತ್ತಗೆ ಬೇಯಿಸಿದ ಅನ್ನ, ಸಾರು ಅಥವಾ ತಂಬುಳಿ. ಶೀತ ಇದ್ದವರಿಗೆ ತಂಬುಳಿ ಬದಲು ಬಿಸಿ ಗಂಜಿ.

ಅಲ್ಲಿ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇದೆ. ಪ್ರತಿ ಮಗುವಿಗೆ ದಿನಕ್ಕೆ ಒಂದೋ ಎರಡೋ ಸಾಲು. ಎಷ್ಟು ತಿಂದ, ಎಷ್ಟು ಹೊತ್ತು ಮಲಗಿದ, ಹೊಟ್ಟೆ ಸರಿ ಇತ್ತೋ, ಮೂಗು ಸೋರುತ್ತಿತ್ತೋ. ಬಾಲವಾಡಿಯಲ್ಲಿ ರಿಜಿಸ್ಟರ್ ಬರೆದು ಬರೆದು ಬಂದ ಅಭ್ಯಾಸ ಅಂತ ಅಕ್ಕೋರು ಹೇಳುತ್ತಾರೆ. ಸೇರಿಸಿದ ಹೊಸದರಲ್ಲಿ ಅದನ್ನು ನೋಡಿ "ಪರವಾಗಿಲ್ಲ, ಶಿಸ್ತಿನವರು" ಅಂದುಕೊಂಡಿದ್ದೆ, ಅಷ್ಟೇ. ಅದರ ನಿಜವಾದ ಬೆಲೆ ಗೊತ್ತಾಗಿದ್ದು ಆಮೇಲೆ.

ಆ ಜುಲೈ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. 16ನೇ ತಾರೀಕು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಹೆದ್ದಾರಿ ಬಂದ್ ಆಯಿತು, ಜನ ಸತ್ತರು. ಘಟ್ಟದ ಮೇಲೂ ಮಳೆ ಬಿಡಲಿಲ್ಲ. ಶಾಲೆಗೆ, ಅಂಗನವಾಡಿಗೆ ಮೇಲಿಂದ ಮೇಲೆ ರಜೆ. ಸೊಸೈಟಿಗೆ ರಜೆ ಇಲ್ಲ, ಲೈನ್‌ಮನ್‌ಗಂತೂ ಇಲ್ಲವೇ ಇಲ್ಲ. ನಡೆದು ಬರುವಷ್ಟು ಹತ್ತಿರ ಇರುವ ಮಕ್ಕಳಿಗಾಗಿ ಅಕ್ಕೋರು ಬಾಗಿಲು ತೆರೆದೇ ಇಟ್ಟಿದ್ದರು. ಬಂದವರು ಮೂರೋ ನಾಲ್ಕೋ ಮಕ್ಕಳು. ಅಷ್ಟು ಕಡಿಮೆ ಮಕ್ಕಳಿದ್ದ ಕಾರಣಕ್ಕೇ ಒಂದೊಂದು ಮಗುವನ್ನೂ ಇನ್ನಷ್ಟು ಹತ್ತಿರದಿಂದ ನೋಡಲು ಆಯಿತು ಅಂತ ಅವರು ಆಮೇಲೆ ಹೇಳಿದರು.

ಅವರು ನೋಡಿದ್ದು ಇದು. ಮಳೆ ತಗಡಿನ ಮೇಲೆ ಜೋರಾಗಿ ಬೀಳುವಾಗ ಉಳಿದ ಮಕ್ಕಳನ್ನು ಕೂಗಿ ಕರೆದರೆ ತಿರುಗುತ್ತಾರೆ, ಅಪ್ಪಿ ತಿರುಗುವುದಿಲ್ಲ. ಮಳೆ ನಿಂತಾಗ ಕರೆದರೆ ಕೆಲವೊಮ್ಮೆ ತಿರುಗುತ್ತಾನೆ, ಕೆಲವೊಮ್ಮೆ ಇಲ್ಲ. ಎದುರಿಗೆ ಕೂತು ಹೇಳಿದರೆ ಎಲ್ಲಾ ಮಾಡುತ್ತಾನೆ: ಚೆಂಡು ತಾ, ಚಪ್ಪಲಿ ಹಾಕು, ಬಾ. ಮಾತಾಡುವಾಗ ಕಣ್ಣು ನೋಡದೆ ತುಟಿ ನೋಡುತ್ತಾನೆ. ಮತ್ತೊಂದು: ಮಾವಶಿ ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಬೇರೆಯವರ ಜೊತೆ ಮಾತಾಡುತ್ತಿದ್ದರೆ ಎರಡೂ ಕೈಯಲ್ಲಿ ಅವರ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತಾನೆ. ಮನೆಯಲ್ಲೂ ಹಾಗೆ ಮಾಡುತ್ತಿದ್ದ. ಮುದ್ದು ಅಂತ ಎಲ್ಲರೂ ನಗುತ್ತಿದ್ದೆವು. ಅಷ್ಟೊಂದು ಮಕ್ಕಳನ್ನು ಎತ್ತಿ ಆಡಿಸಿದ ಮಾವಶಿಗೆ ಮಾತ್ರ "ಈ ಮಾಣಿ ಹಿಂಗ್ಯಾಕೆ ಮಾಡ್ತಾನೆ" ಎಂಬ ಪ್ರಶ್ನೆ ಬಂತು. ಅವರು ಹೋಗಿ ಅಕ್ಕೋರಿಗೆ ಹೇಳಿದರು.

ಅಕ್ಕೋರು ತಕ್ಷಣ ನಮ್ಮ ಹತ್ತಿರ ಬರಲಿಲ್ಲ. ಮೊದಲು ತಾವೇ ಪರೀಕ್ಷೆ ಮಾಡಿದರು. ಒಂದು ಸ್ಟೀಲ್ ಡಬ್ಬಿಯಲ್ಲಿ ಕಡಲೆ ಕಾಳು ಹಾಕಿ, ಅವನು ಆಟದಲ್ಲಿ ಮುಳುಗಿದ್ದಾಗ ಬೆನ್ನ ಹಿಂದೆ ನಿಂತು ಅಲ್ಲಾಡಿಸಿದರು. ನೆರಳು ಬೀಳದ ಹಾಗೆ, ನೆಲ ಅದುರದ ಹಾಗೆ ನೋಡಿಕೊಂಡರು. ಯಾಕೆಂದರೆ ಮಕ್ಕಳು ನೆರಳು ಕಂಡರೂ ತಿರುಗುತ್ತವೆ. ಎಡಕ್ಕೆ, ಬಲಕ್ಕೆ, ಬೇರೆ ಬೇರೆ ದಿನ, ಮಳೆ ಇಲ್ಲದ ಹೊತ್ತಲ್ಲಿ. ಅದೇ ವಯಸ್ಸಿನ ಇನ್ನೊಂದು ಮಗುವಿಗೂ ಹಾಗೇ ಮಾಡಿ ಹೋಲಿಸಿದರು. ಎಲ್ಲವನ್ನೂ ನೋಟ್‌ಬುಕ್ಕಲ್ಲಿ ಬರೆದರು. ಹಿಂದಿನ ಪೇಜುಗಳನ್ನು ತಿರುವಿ ಅವನಿಗೆ ಯಾವ್ಯಾವಾಗ ಶೀತ ಆಗಿತ್ತು ಅಂತ ತೆಗೆದರೆ, ಮಳೆ ಹಿಡಿದಂದಿನಿಂದ ಮೂಗು ಪೂರ್ತಿ ಒಣಗಿದ ವಾರವೇ ಇರಲಿಲ್ಲ.

ಆಮೇಲೆ ಹೇಳಿದ ರೀತಿ. ಸಂಜೆ ಉಳಿದ ಅಪ್ಪ-ಅಮ್ಮಂದಿರು ಹೋಗುವ ತನಕ ನನ್ನನ್ನು ಸುಮ್ನೆ ಚಹಾಕ್ಕೆ ಕೂರಿಸಿಕೊಂಡರು. "ತಂಗಿ, ಒಂದು ಮಾತು ಹೇಳ್ತೆ, ಬೇಜಾರು ಮಾಡ್ಕಬೇಡ. ನಾ ಡಾಕ್ಟ್ರಲ್ಲ. ನಾ ನೋಡಿದ್ದಷ್ಟು ಹೇಳ್ತೆ, ನೀವು ಒಂದ್ಸಲ ತೋರ್ಸಿ" ಅಂದರು. ಕಿವುಡು ಎಂಬ ಪದ ಅವರ ಬಾಯಿಂದ ಬರಲಿಲ್ಲ. ಮಾತು ತಡ ಅಂತಲೂ ಹೇಳಲಿಲ್ಲ. ಕಡಲೆ ಡಬ್ಬಿ, ಮಳೆ ಶಬ್ದ, ಗದ್ದ ಹಿಡಿಯುವುದು, ಶೀತ, ನೋಡಿದ್ದನ್ನೆಲ್ಲ ಹೇಳಿ, ಆ ಸಾಲುಗಳನ್ನು ಒಂದು ಹಾಳೆಗೆ ಇಳಿಸಿಕೊಟ್ಟರು. ನನಗೆ ಅಳು ಬಂದುಬಿಟ್ಟಿತು. ಅವರು ಸಮಾಧಾನದ ಮಾತೇನೂ ಆಡದೆ ನಾನು ಅಳುವುದು ಮುಗಿಯುವವರೆಗೆ ಅಪ್ಪಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾಳೆಗಿಡ ತೋರಿಸುತ್ತಾ ನಿಂತಿದ್ದರು. ಇಂಥ ಸುದ್ದಿಯನ್ನು ತಾಯಿಗೆ ಹೇಗೆ ಮುಟ್ಟಿಸಬೇಕು ಎಂಬುದನ್ನು ಯಾವ ಕಾಲೇಜಲ್ಲಿ ಕಲಿಸುತ್ತಾರೋ ಗೊತ್ತಿಲ್ಲ, ಅಕ್ಕೋರಿಗೆ ಅದು ಬರುತ್ತಿತ್ತು.

ರಾತ್ರಿ ಇವರಿಗೆ ಹೇಳಿದೆ. ಇವರಿಗೆ ನೆನಪಾಗಿದ್ದು ಮಾರ್ಚಿನ ಮಾರಿಕಾಂಬಾ ಜಾತ್ರೆ. ಅಷ್ಟು ಗದ್ದಲದಲ್ಲಿ, ಡೊಳ್ಳಿನ ಪಕ್ಕದಲ್ಲೇ ಅಪ್ಪಿ ಹೆಗಲ ಮೇಲೆ ನಿದ್ದೆ ಹೋಗಿದ್ದ. "ಆವಾಗಿಂದಲೇ ಇತ್ತೇನೋ" ಅಂತ ಇವರು ಕಂಗಾಲಾದರು. ಮರುದಿನ ಅಕ್ಕೋರ ಹತ್ತಿರ ಹೇಳಿದಾಗ ಅವರು ಒಪ್ಪಲಿಲ್ಲ. ದಣಿದ ಮಗು ಎಲ್ಲಿ ಬೇಕಾದರೂ ಮಲಗುತ್ತದೆ, ಅದನ್ನು ಇದಕ್ಕೆ ಸೇರಿಸಬೇಡಿ ಅಂದರು. ಹೆದರಿಕೊಂಡವರ ಎದುರು ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಬಿಡಿಸಿ ಹೇಳುವುದು ಸಣ್ಣ ಮಾತಲ್ಲ.

ನೆಂಟರ ಮಾತು ಬೇರೆ ಥರ ಇತ್ತು. ಗಂಡು ಮಕ್ಕಳಿಗೆ ಮಾತು ತಡ. ಅವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು. ಬಜೆ ತೇದು ನಾಲಿಗೆಗೆ ಹಚ್ಚಿ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಕಿವಿಗೆ ಬಿಡಿ. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾವು ಮೊದಲು ತೋರಿಸಿದ ಕಡೆ ಎರಡು ನಿಮಿಷದಲ್ಲಿ ಶೀತ ಅಂದು ಸಿರಪ್ ಬರೆದುಕೊಟ್ಟರು, ಹಾಳೆ ಓದಲಿಲ್ಲ. ಅಕ್ಕೋರು ಬಿಡಲಿಲ್ಲ. ಕಿವಿ-ಮೂಗು-ಗಂಟಲಿನ ಡಾಕ್ಟರಿಗೇ ತೋರಿಸಿ ಅಂತ ದಿನಾ ಕೇಳಿದರು. ತೋರಿಸಿದೆವು. ಆ ಡಾಕ್ಟರು ಹಾಳೆಯನ್ನು ಪೂರ್ತಿ ಓದಿ, "ಇದನ್ನ ಬರೆದವರು ಯಾರು?" ಅಂತ ಕೇಳಿದರು. ಕಿವಿಯೊಳಗೆ ನೋಡಿ, ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದರು. ಶಿರಸಿಯಿಂದ ನೂರು ಕಿಲೋಮೀಟರ್ ಹತ್ತಿರ. ಇಲ್ಲಿಯವರಿಗೆ ಅದು ಹೊಸದೇನಲ್ಲ, ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಬಸ್ಸು ಹತ್ತುವುದೇ.

ಟಿಂಪನೋಮೆಟ್ರಿ ಎಂಬ ಪರೀಕ್ಷೆ. ಕಿವಿಯ ಬಾಯಿಗೆ ಮೆತ್ತನೆಯ ಬಿರಡೆಯಂಥದ್ದನ್ನು ಇಟ್ಟು, ಗಾಳಿಯ ಒತ್ತಡ ಬದಲಿಸಿ, ಕಿವಿ ತಮಟೆ ಎಷ್ಟು ಅಲುಗಾಡುತ್ತದೆ ಅಂತ ನೋಡುತ್ತಾರೆ. ನೋವಿಲ್ಲ. ಸರಿ ಇದ್ದರೆ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಅಪ್ಪಿಯದು ಎರಡೂ ಕಡೆ ಚಪ್ಪಟೆ. ತಮಟೆಯ ಹಿಂದೆ, ಮಧ್ಯಕಿವಿಯಲ್ಲಿ ಅಂಟು ದ್ರವ ತುಂಬಿತ್ತು. ಡಾಕ್ಟರುಗಳು ಇದನ್ನು ಗ್ಲೂ ಇಯರ್ ಅನ್ನುತ್ತಾರೆ. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಒಂದು ನಾಳ ಇರುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ಗಿಡ್ಡ, ಸಣ್ಣ, ಹೆಚ್ಚು ಕಡಿಮೆ ಅಡ್ಡಕ್ಕೆ ಇರುತ್ತದೆ. ಶೀತ ಆದಾಗ ಕಟ್ಟಿಕೊಂಡರೆ ದ್ರವ ಇಳಿದುಹೋಗುವುದಿಲ್ಲ. ನೋವು, ಜ್ವರ ಇಲ್ಲದೇ ಇರುವುದರಿಂದ ಯಾರಿಗೂ ಗೊತ್ತೇ ಆಗುವುದಿಲ್ಲ. ನೀವು ಎರಡೂ ಕಿವಿಗೆ ಬೆರಳು ಒತ್ತಿಕೊಂಡರೆ ಹೇಗೆ ಕೇಳುತ್ತದೋ ಅವನಿಗೆ ಹಾಗೆ ಕೇಳುತ್ತಿದೆ ಅಂದರು. ಒಂದು ದಿನ ಸ್ವಲ್ಪ ಜಾಸ್ತಿ ಕೇಳಬಹುದು, ಇನ್ನೊಂದು ದಿನ ಕಮ್ಮಿ. ಕೆಲವೊಮ್ಮೆ ತಿರುಗುತ್ತಾನೆ, ಕೆಲವೊಮ್ಮೆ ಇಲ್ಲ ಅಂತ ಅಕ್ಕೋರು ಬರೆದದ್ದಕ್ಕೆ ಕಾರಣ ಅದೇ.

ಎಣ್ಣೆ ಬಿಟ್ಟರೆ ಅದು ತಮಟೆಯ ಈಚೆಗೇ ನಿಲ್ಲುತ್ತದೆ, ದ್ರವ ಇರುವುದು ಆಚೆಗೆ, ಹಾಗಾಗಿ ಏನೂ ಹಾಕಬೇಡಿ ಅಂದರು. ಆಂಟಿಬಯೋಟಿಕ್ ಕೊಡಲಿಲ್ಲ. ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿಯೇ ಹೋಗುತ್ತದೆ, ಕಾಯೋಣ, ಹೋಗದಿದ್ದರೆ ತಮಟೆಗೆ ಗ್ರಾಮೆಟ್ ಎಂಬ ಸಣ್ಣ ನಳಿಕೆ ಕೂರಿಸುವ ಬಗ್ಗೆ ಯೋಚಿಸೋಣ ಅಂದರು. ಹೊಗೆ ತಪ್ಪಿಸಿ ಅಂದರು. ಊರಿಗೆ ಹೋದಾಗ ಮಳೆಗಾಲದಲ್ಲಿ ಬಚ್ಚಲ ಒಲೆ ಇಡೀ ದಿನ ಉರಿಯುತ್ತದೆ, ಬಟ್ಟೆ ಒಣಗುವುದೂ ಅದರ ಮೇಲೇ. ಮಾವ ಅವತ್ತಿನಿಂದ ಅಪ್ಪಿ ಬಂದಾಗ ಬಚ್ಚಲ ಕಡೆಯ ಬಾಗಿಲು ಮುಚ್ಚಿಯೇ ಇಡುತ್ತಾರೆ.

ಇಲ್ಲೊಂದು ಮಾತು ಮುಚ್ಚಿಡುವಂತಿಲ್ಲ. ನೆಂಟರಲ್ಲಿ ಒಬ್ಬರು "ಡೇ ಕೇರ್‌ಗೆ ಹಾಕಿದ್ದಕ್ಕೇ ಹಿಂಗಾಯ್ತು" ಅಂದರು. ಅದರಲ್ಲಿ ಸ್ವಲ್ಪ ನಿಜ ಇದೆ. ಗುಂಪಲ್ಲಿರುವ ಚಿಕ್ಕ ಮಕ್ಕಳಿಗೆ ಶೀತ ಜಾಸ್ತಿ, ಶೀತ ಜಾಸ್ತಿ ಆದರೆ ಕಿವಿ ತೊಂದರೆಯೂ ಜಾಸ್ತಿ. ಡಾಕ್ಟರೇ ಹೇಳಿದ್ದು. ಅಕ್ಕೋರೂ ಇದನ್ನು ಅಲ್ಲಗಳೆಯಲಿಲ್ಲ. ಅವತ್ತಿನಿಂದ ಮೂಗು ಒರೆಸುವ ಬಟ್ಟೆ ಪ್ರತಿ ಮಗುವಿಗೂ ಬೇರೆ ಬೇರೆ ಬಣ್ಣದ್ದಾಯಿತು, ಜ್ವರ ಇದ್ದ ಮಗುವನ್ನು ಎರಡು ದಿನ ಕಳಿಸಬೇಡಿ ಎಂಬ ನಿಯಮ ಬಂತು. ಆದರೆ ಮಗು ಮನೆಯಲ್ಲೇ ಇದ್ದಿದ್ದರೆ ಇದು ಕಾಣುತ್ತಿತ್ತೇ? ಮನೆಯಲ್ಲಿ ಒಂದೇ ಮಗು. ಹೋಲಿಸಲು ಇನ್ನೊಂದಿಲ್ಲ. ನಾವು ಯಾವಾಗಲೂ ಅವನ ಮುಖ ನೋಡಿಯೇ ಮಾತಾಡುವವರು. ಎಷ್ಟೋ ಮಕ್ಕಳನ್ನು ಕಂಡ ಕಣ್ಣಿಗೆ ಮಾತ್ರ ವ್ಯತ್ಯಾಸ ಹೊಳೆಯುತ್ತದೆ.

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಎರಡು ವರ್ಷ ಮಾತು ಹುಟ್ಟುವ ವಯಸ್ಸು, ಎರಡೆರಡು ಪದ ಕೂಡಿಸುವ ಹೊತ್ತು. ಆಗ ಕೇಳದಿದ್ದರೆ ಮಾತು ಹಿಂದೆ ಬೀಳುತ್ತದೆ. ಡಾಕ್ಟರು ಕೊಟ್ಟ ಸೂಚನೆ ನಾಲ್ಕೈದು ಸಾಲು: ಅವನ ಮಟ್ಟಕ್ಕೆ ಕೂತು ಮಾತಾಡಿ, ಮೊದಲು ಭುಜ ಮುಟ್ಟಿ, ವಾಕ್ಯ ಚಿಕ್ಕದಿರಲಿ, ಅದನ್ನೇ ಮತ್ತೆ ಹೇಳಿ, ಸುತ್ತಲಿನ ಶಬ್ದ ಕಮ್ಮಿ ಮಾಡಿ. ನಾವು ಇದನ್ನು ಮಾಡುತ್ತಿದ್ದದ್ದು ಬೆಳಿಗ್ಗೆ ಒಂದೆರಡು ತಾಸು, ರಾತ್ರಿ ಒಂದೆರಡು ತಾಸು. ಎಚ್ಚರ ಇರುವ ಉಳಿದ ಹೊತ್ತೆಲ್ಲಾ ಮಾಡಿದವರು ಅವರಿಬ್ಬರು. ಮಳೆ ಬರುವಾಗ ಆಟ ತಗಡಿನ ಕೆಳಗಿಂದ ಒಳಕೋಣೆಗೆ ಹೋಯಿತು. ಊಟಕ್ಕೆ ಅವನನ್ನು ಮಾವಶಿಯ ಎದುರಿಗೇ ಕೂರಿಸಿದರು. ಮಿಕ್ಸಿ ಮಕ್ಕಳು ಬರುವ ಮೊದಲೇ ತಿರುಗಿಸಿ ಮುಗಿಸುತ್ತಿದ್ದರು. ಉಳಿದ ಮಕ್ಕಳಿಗೆ ಅಪ್ಪಿಯನ್ನು ಕರೆಯುವಾಗ ಭುಜ ತಟ್ಟಬೇಕು ಅಂತ ಹೇಳಿಕೊಟ್ಟರು. ಮಕ್ಕಳು ಅದನ್ನು ಆಟ ಮಾಡಿಕೊಂಡು ಎಲ್ಲರೂ ಎಲ್ಲರ ಭುಜ ತಟ್ಟತೊಡಗಿದರು. ಹಾಡುಗಳೆಲ್ಲ ಕೈ ಸನ್ನೆಯ ಹಾಡುಗಳಾದವು. ಮಾವಶಿ ಅನ್ನ ಕಲಸುವಾಗ ಒಂದೊಂದನ್ನೂ ಎತ್ತಿ ತೋರಿಸಿ, ತುಟಿ ಕಾಣುವ ಹಾಗೆ ನಿಧಾನವಾಗಿ, "ಅನ್ನ. ಬಿಸಿ ಅನ್ನ. ತುಪ್ಪ ಬೇಕಾ?" ಅನ್ನುತ್ತಿದ್ದರು. ದಿನಾ. ಬೇಜಾರಿಲ್ಲದೆ. ಅವನ ಮೊದಲ ಎರಡು ಪದದ ಮಾತು "ತುಪ್ಪ ಬೇಕು" ಆಗಿದ್ದು ಹಾಗಾಗಿಯೇ. ಅದನ್ನು ಮೊದಲು ಕೇಳಿಸಿಕೊಂಡವರು ಮಾವಶಿ. ನನಗೆ ಫೋನ್ ಮಾಡಿದಾಗ ಅವರ ಧ್ವನಿ ನಡುಗುತ್ತಿತ್ತು.

ದೀಪಾವಳಿ ಕಳೆದು ಮತ್ತೆ ಹುಬ್ಬಳ್ಳಿಗೆ ಹೋದಾಗ ಬಲಗಿವಿ ಸರಿಯಾಗಿತ್ತು, ಎಡಗಡೆ ಗೆರೆ ಇನ್ನೂ ಚಪ್ಪಟೆ. ಒಂದು ಕಿವಿ ಕೇಳುತ್ತಿದೆ, ಮಾತು ಏರುತ್ತಿದೆ, ಮಳೆಯೂ ಹೋಯಿತು, ಹಾಗಾಗಿ ಇನ್ನೂ ಸ್ವಲ್ಪ ನೋಡೋಣ ಅಂದರು. ಚಳಿ ಮುಗಿಯುವ ಹೊತ್ತಿಗೆ ಅದೂ ಸರಿಯಾಯಿತು. ಗ್ರಾಮೆಟ್ ಬೇಕಾಗಲಿಲ್ಲ. ಎಲ್ಲಾ ಮುಗಿಯಿತು ಅಂತ ಹೇಳುವ ಹಾಗಿಲ್ಲ. ಕೆಲವು ಅಕ್ಷರ ಇನ್ನೂ ಸ್ಪಷ್ಟ ಆಗಬೇಕು. ಮಳೆಗಾಲದಲ್ಲಿ ಮತ್ತೆ ತುಂಬಿಕೊಳ್ಳಬಹುದು ಅಂದಿದ್ದಾರೆ. ಶೀತ ಹಿಡಿದಾಗೆಲ್ಲಾ ಕಡಲೆ ಡಬ್ಬಿ ಹೊರಗೆ ಬರುತ್ತದೆ.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ತಂಡದವರು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತಾರೆ, ಅದರಲ್ಲಿ ಕಿವಿ, ಮಾತು ಎರಡೂ ಸೇರಿದೆ. ಆದರೆ ಆ ಗಾಡಿ ಇಂಥ ಮನೆ ಜಗಲಿಯ ಡೇ ಕೇರ್ ಮುಂದೆ ನಿಲ್ಲುವುದಿಲ್ಲ. ಅಕ್ಕೋರು ಹತ್ತಿರದ ಬಾಲವಾಡಿಯಲ್ಲಿ ಮಾತಾಡಿ, ತಂಡ ಬರುವ ದಿನ ನಮ್ಮ ಮಕ್ಕಳನ್ನೂ ಅಲ್ಲಿಗೆ ಕರೆದೊಯ್ಯುವ ಏರ್ಪಾಡು ಮಾಡಿಕೊಂಡಿದ್ದಾರೆ. ಯಾರೂ ಹೇಳಿದ್ದಲ್ಲ, ಅವರದೇ ಯೋಚನೆ. ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ, ಯೋಜನೆ ಶುರುವಾದ 1975ರಿಂದ ಲೆಕ್ಕ ಹಾಕಿದರೆ ಎಷ್ಟು ತಡವಾಯಿತು ನೋಡಿ. ಮನೆಯಲ್ಲಿ ಡೇ ಕೇರ್ ನಡೆಸುವವರಿಗೆ, ಅಲ್ಲಿ ದುಡಿಯುವ ಮಾವಶಿಯಂಥವರಿಗೆ ಅದೂ ಇಲ್ಲ.

ಋಣ ತೀರಿಸುವುದು ಹೇಗೆ ಅಂತ ನಾವಿಬ್ಬರೂ ಯೋಚಿಸಿದೆವು. ಸೀರೆ ತಗೊಂಡು ಹೋದರೆ ಅಕ್ಕೋರು ಇಬ್ಬರಿಗೂ ಒಂದೇ ಥರದ್ದು ತಂದಿದ್ದೀರಾ ಅಂತ ಮೊದಲು ನೋಡಿದರು, ಹೌದು ಅಂದ ಮೇಲೆ ತಗೊಂಡರು. ಏನು ಬೇಕು ಅಂತ ಬಾಯಿಬಿಟ್ಟು ಕೇಳಿದಾಗ ಹೇಳಿದ್ದು ಎರಡು. ಕಿವಿಯ ತೊಂದರೆ ಹೇಗೆ ಗುರುತಿಸಬೇಕು ಎಂದು ಡಾಕ್ಟರಿಂದ ಕನ್ನಡದಲ್ಲಿ ಬರೆಸಿ ಕೊಡಿ, ಗೋಡೆಗೆ ಅಂಟಿಸುತ್ತೇನೆ. ಆ ತಗಡಿಗೆ ಏನಾದರೂ ಮಾಡಿ, ಮಳೆಯಲ್ಲಿ ಯಾವ ಮಗುವಿಗೂ ಏನೂ ಕೇಳುವುದಿಲ್ಲ. ಡಾಕ್ಟರು ಖುಷಿಯಿಂದ ಬರೆದುಕೊಟ್ಟರು. ತಗಡಿಗೆ ಎಲ್ಲಾ ಪಾಲಕರೂ ಸೇರಿ ದುಡ್ಡು ಹಾಕಿ ಕೆಳಗಿನಿಂದ ಇನ್ನೊಂದು ಪದರ ಕೂರಿಸಿದೆವು. ಇವರು ಭಾನುವಾರ ಬಂದು ಹಳೆಯ ವೈರಿಂಗ್ ಎಲ್ಲಾ ಬದಲಿಸಿಕೊಟ್ಟರು.

ಮೂರನೆಯದನ್ನು ಅವರು ಕೇಳಿರಲಿಲ್ಲ. ಮೇ ತಿಂಗಳಲ್ಲಿ ಹೆಚ್ಚಿನ ಮಕ್ಕಳು ಅಜ್ಜನಮನೆಗೆ ಹೋಗುತ್ತಾರೆ, ಫೀ ಬರುವುದಿಲ್ಲ, ಮಾವಶಿಗೆ ಆ ತಿಂಗಳ ಸಂಬಳ ಅರ್ಧ ಆಗುತ್ತಿತ್ತು. ಈಗ ಪಾಲಕರೆಲ್ಲ ಒಪ್ಪಿ, ಮಗು ಬರಲಿ ಬಿಡಲಿ, ಮೇ ತಿಂಗಳ ಫೀಯನ್ನೂ ಪೂರ್ತಿ ಕೊಡುತ್ತಿದ್ದೇವೆ. ಒಂದಿಬ್ಬರು ಮೊದಲು ಹಿಂದೆ ಮುಂದೆ ನೋಡಿದರು. ಅವರಿಗೆ ಅಪ್ಪಿಯ ಹಾಳೆ ತೋರಿಸಿದೆ, ಓದಿ ಒಪ್ಪಿದರು.